ಸರ್ಕಾರ ಹೇಳಿದ್ದನ್ನು ಪ್ರಶ್ನಿಸುವುದು ಸರಿ. ಆದರೆ ಅದು ಪಿತೂರಿ ಕತೆಯಾಗುವುದು ಯಾವಾಗ?

2021ರ ಮೇ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕೊರೊನಾದ ಎರಡನೇ ಅಲೆ. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಮನೆಯಲ್ಲಿ ಕೂತವರ ಕೈಯಲ್ಲಿ ಇದ್ದದ್ದು ಮೊಬೈಲ್ ಮಾತ್ರ. ಆಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದ್ದ ಮೆಸೇಜುಗಳಲ್ಲಿ ಎರಡು ಬಗೆಯವನ್ನು ಇಲ್ಲಿ ಎತ್ತಿಕೊಳ್ಳೋಣ.

ಒಂದು: ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತಿದ್ದಾರೆ, ಸರ್ಕಾರ ನಿಜವಾದ ಲೆಕ್ಕ ಮುಚ್ಚಿಡುತ್ತಿದೆ.

ಇನ್ನೊಂದು: ಜನ ಸಾಯುತ್ತಿರುವುದು ಕೊರೊನಾದಿಂದಲ್ಲ, 5ಜಿ ಟವರ್‌ಗಳ ಪರೀಕ್ಷೆಯಿಂದ, ಸರ್ಕಾರ ನಿಜ ಸಂಗತಿ ಮುಚ್ಚಿಡುತ್ತಿದೆ.

ಎರಡೂ ಮೆಸೇಜುಗಳು ಹೇಳುತ್ತಿದ್ದದ್ದು ಒಂದೇ: ‘ಅವರು ಹೇಳಿದ್ದನ್ನು ನಂಬಬೇಡಿ.’ ಎರಡರಲ್ಲೂ ಸಿಟ್ಟಿತ್ತು, ಭಯವಿತ್ತು. ಆದರೆ ಮೊದಲನೆಯದು ಹೈಕೋರ್ಟ್‌ವರೆಗೆ ಹೋಯಿತು, ಅದರ ಮುಖ್ಯ ಮಾತು ನಿಜವಾಯಿತು. ಎರಡನೆಯದರಲ್ಲಿ ಹುರುಳೇ ಇರಲಿಲ್ಲ. ಮೆಸೇಜ್ ಕೈಗೆ ಬಂದ ದಿನವೇ ಈ ವ್ಯತ್ಯಾಸವನ್ನು ಗುರುತಿಸಬಹುದಿತ್ತೇ? ಬಹುಮಟ್ಟಿಗೆ ಗುರುತಿಸಬಹುದಿತ್ತು ಎನ್ನುವುದು ನಮ್ಮ ಉತ್ತರ. ಹೇಗೆ ಅಂತ ನೋಡೋಣ.

ಮೊದಲ ಮೆಸೇಜಿಗೆ ಏನಾಯಿತು?

2021ರ ಮೇ 2ರ ರಾತ್ರಿ ಮತ್ತು ಮೇ 3ರ ನಡುವೆ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಇದರಲ್ಲಿ ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರು ಮಾತ್ರ, ಉಳಿದವರದು ಬೇರೆ ಕಾರಣ ಎಂದು ಸರ್ಕಾರದ ಕಡೆಯಿಂದ ಮೊದಲಿಗೆ ಹೇಳಲಾಯಿತು. ಸತ್ತವರ ಮನೆಯವರು ಇದನ್ನು ಒಪ್ಪಲಿಲ್ಲ. ಪತ್ರಕರ್ತರು ಕೆದಕಿದರು. ವಿಷಯ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ದಾಖಲೆಗಳನ್ನು ನೋಡಿತು, ಆಕ್ಸಿಜನ್ ಪೂರೈಕೆಯ ಲೆಕ್ಕ ತೆಗೆಯಿತು. ಆಕ್ಸಿಜನ್ ಸಿಗದೆ ಜನ ಸತ್ತಿದ್ದು ನಿಜ, ಮೂವರು ಮಾತ್ರ ಎಂಬ ಮಾತು ನಿಲ್ಲುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು.

ಆ ದಿನಗಳಲ್ಲಿ ಇನ್ನೊಂದು ಆರೋಪವೂ ಹಬ್ಬಿತ್ತು. ಚಾಮರಾಜನಗರಕ್ಕೆ ಹೋಗಬೇಕಿದ್ದ ಸಿಲಿಂಡರ್‌ಗಳನ್ನು ಮೈಸೂರಿನ ಜಿಲ್ಲಾಡಳಿತ ಬೇಕೆಂದೇ ತಡೆಹಿಡಿಯಿತು ಎನ್ನುವುದು. ಅದೇ ಸಮಿತಿ ಇದನ್ನೂ ಪರಿಶೀಲಿಸಿ, ಮೈಸೂರಿನ ಜಿಲ್ಲಾಧಿಕಾರಿ ತಡೆದರು ಎನ್ನುವುದಕ್ಕೆ ಆಧಾರವಿಲ್ಲ ಎಂದಿತು.

ಒಂದೇ ಘಟನೆ, ಎರಡು ಅನುಮಾನ. ಒಂದು ಉಳಿಯಿತು, ಇನ್ನೊಂದು ಬಿದ್ದುಹೋಯಿತು. ನಿಜವಾದ ವಿಚಾರಣೆ ಅಂದರೆ ಹೀಗೆ: ಜೊಳ್ಳು ಒಂದು ಕಡೆ, ಕಾಳು ಒಂದು ಕಡೆ. ಸರ್ಕಾರದ ಮೇಲೆ ಬಂದ ಅನುಮಾನವೆಲ್ಲ ನಿಜವೂ ಆಗಲಿಲ್ಲ, ಎಲ್ಲವೂ ಸುಳ್ಳೂ ಆಗಲಿಲ್ಲ.

ಎರಡನೆಯದಕ್ಕೆ ಏನಾಯಿತು?

5ಜಿ ಮೆಸೇಜನ್ನೂ ಇದೇ ರೀತಿ ನೋಡೋಣ. ದೇಶದಲ್ಲಿ ಎಲ್ಲೂ 5ಜಿ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ ಎಂದು ದೂರಸಂಪರ್ಕ ಇಲಾಖೆ 2021ರ ಮೇ 10ರಂದು ತಿಳಿಸಿತು. ‘ಇಲಾಖೆಯನ್ನೇ ನಾವು ನಂಬುವುದಿಲ್ಲ’ ಅಂತೀರಾ? ಸರಿ, ಇಲಾಖೆಯ ಮಾತು ಪಕ್ಕಕ್ಕಿಡಿ. ನಮ್ಮ ದೇಶದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಕೊರೊನಾದ ಎರಡು ದೊಡ್ಡ ಅಲೆಗಳು ಬಂದು ಹೋದದ್ದು 2020 ಮತ್ತು 2021ರಲ್ಲಿ. 5ಜಿಯಿಂದಲೇ ಜನ ಸಾಯುವುದಾದರೆ, ಮನೆಮನೆಯ ಫೋನಿನಲ್ಲಿ 5ಜಿ ಬಂದ ಮೇಲೆ ಸಾವು ಹೆಚ್ಚಬೇಕಿತ್ತು. ಆದದ್ದು ತದ್ವಿರುದ್ಧ.

ವಿಜ್ಞಾನವನ್ನೂ ನೋಡಿ. ನಮ್ಮಲ್ಲಿ 5ಜಿ ಹೆಚ್ಚಾಗಿ ಬಳಸುವ ರೇಡಿಯೋ ಅಲೆಗಳು ಸುಮಾರು 3.5 ಗಿಗಾಹರ್ಟ್ಸ್‌ನವು. ಮನೆಯ ಬಲ್ಬಿನಿಂದ ಬರುವ ಬೆಳಕೂ ಇದೇ ಜಾತಿಯ ಅಲೆ. ಆದರೆ ಅದರ ಕಂಪನ ಇದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು. ಕಂಪನ ಹೆಚ್ಚಾದಷ್ಟೂ ಅಲೆಯ ಒಂದೊಂದು ಕಣದಲ್ಲಿರುವ ಶಕ್ತಿ ಹೆಚ್ಚು. ಎಕ್ಸ್‌ರೇಯಂತೆ ನಮ್ಮ ಜೀವಕೋಶದ ಅಣುಗಳನ್ನು ಮುರಿಯುವ ಶಕ್ತಿ ಬಲ್ಬಿನ ಬೆಳಕಿಗೇ ಇಲ್ಲ, ಇನ್ನು ಮೊಬೈಲ್ ಅಲೆಗೆ ಎಲ್ಲಿಂದ ಬರಬೇಕು? ವೈರಸ್ಸಂತೂ ರೇಡಿಯೋ ಅಲೆ ಹತ್ತಿಕೊಂಡು ಪ್ರಯಾಣ ಮಾಡುವುದಿಲ್ಲ. ಅದು ಹರಡುವುದು ಉಸಿರಿನ ಮೂಲಕ. ಇದೇ ಕತೆಯನ್ನು ನಂಬಿ 2020ರಲ್ಲಿ ಬ್ರಿಟನ್ನಿನಲ್ಲಿ ಮೊಬೈಲ್ ಟವರ್‌ಗಳಿಗೆ ಬೆಂಕಿ ಹಚ್ಚಿದವರಿದ್ದಾರೆ. ಆಸ್ಪತ್ರೆಯಲ್ಲಿದ್ದವರಿಗೆ ಮನೆಯವರ ಜೊತೆ ಮಾತಾಡಲು ಫೋನೇ ಗತಿಯಾಗಿದ್ದ ಕಾಲ ಅದು.

ನಿಜವಾದ ಪಿತೂರಿಗಳೂ ಇವೆ

‘ಪಿತೂರಿ ಅನ್ನುವುದೇ ಸುಳ್ಳು’ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಇತಿಹಾಸಕ್ಕೆ ಮೋಸ ಮಾಡಿದ ಹಾಗೆ.

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, 40 ವರ್ಷ, ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆಯೇ ಒಂದು ಘೋರ ಕೆಲಸ ಮಾಡಿತು. ಸುಮಾರು 600 ಮಂದಿ ಬಡ ಕಪ್ಪು ಜನಾಂಗದ ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ಕಾಯಿಲೆ ಇತ್ತು. ‘ನಿಮ್ಮ ಕೆಟ್ಟ ರಕ್ತಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ’ ಎಂದು ನಂಬಿಸಲಾಯಿತು. 1940ರ ದಶಕದಲ್ಲಿ ಪೆನ್ಸಿಲಿನ್‌ನಿಂದ ಈ ಕಾಯಿಲೆ ವಾಸಿಯಾಗುತ್ತದೆ ಎಂದು ಗೊತ್ತಾದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಚಿಕಿತ್ಸೆ ಇಲ್ಲದೆ ಕಾಯಿಲೆ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕುಳಿತರು.

ಇದು ಹೊರಗೆ ಬಂದದ್ದು ಹೇಗೆ? ಇಲಾಖೆಯ ಒಳಗೇ ಕೆಲಸ ಮಾಡುತ್ತಿದ್ದ ಪೀಟರ್ ಬಕ್ಸ್‌ಟನ್ 1966ರಲ್ಲಿ ಮೇಲಧಿಕಾರಿಗಳಿಗೆ ಪತ್ರ ಬರೆದು ಆಕ್ಷೇಪ ಎತ್ತಿದರು. ಅವರು ಕೇಳಲಿಲ್ಲ. ಕೊನೆಗೆ ವಿಷಯ ಪತ್ರಕರ್ತರ ಕೈ ಸೇರಿತು. 1972ರ ಜುಲೈನಲ್ಲಿ ಜೀನ್ ಹೆಲ್ಲರ್ ಬರೆದ ಸುದ್ದಿ ದೇಶದ ಪತ್ರಿಕೆಗಳಲ್ಲಿ ಬಂತು. ಆ ವರ್ಷವೇ ಅಧ್ಯಯನ ನಿಂತಿತು. 1997ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಇಲ್ಲಿ ಮೂರು ಸಂಗತಿ ಗಮನಿಸಿ. ಈ ಮೋಸಕ್ಕೆ ಜಗತ್ತಿನ ವೈದ್ಯರೆಲ್ಲ ಕೈಜೋಡಿಸಬೇಕಿರಲಿಲ್ಲ, ಒಂದು ಇಲಾಖೆಯ ಒಂದು ವಿಭಾಗ ಸಾಕಿತ್ತು. ಎರಡನೆಯದಾಗಿ, ಕಾಗದಪತ್ರ ಇತ್ತು. ಈ ಅಧ್ಯಯನದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲೇ ಅಚ್ಚಾಗಿದ್ದವು. ಮೂರನೆಯದಾಗಿ, ಒಳಗಿನವರೊಬ್ಬರು ಹೆಸರು ಹೇಳಿಕೊಂಡು, ದಾಖಲೆ ಹಿಡಿದು ಮಾತಾಡಿದರು. ನಿಜವಾದ ಪಿತೂರಿಗಳು ಸಾಮಾನ್ಯವಾಗಿ ಬಯಲಾಗುವುದು ಈ ದಾರಿಯಲ್ಲೇ.

ಕೆಲವೊಮ್ಮೆ ಪಿತೂರಿಯ ಕತೆಯನ್ನು ಕಟ್ಟುವವರು ದೊಡ್ಡವರೇ ಆಗಿರುತ್ತಾರೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅತೃಪ್ತ ಕೆಲಸಗಾರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ ಎಂದು ಯೂನಿಯನ್ ಕಾರ್ಬೈಡ್ ಕಂಪನಿ ವಾದಿಸಿತು. ಅದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ಟ್ಯಾಂಕನ್ನು ತಣ್ಣಗಿಡುವ ಯಂತ್ರ ನಿಲ್ಲಿಸಲಾಗಿತ್ತು, ಸೋರಿದ ಅನಿಲವನ್ನು ಸುಟ್ಟುಹಾಕುವ ಗೋಪುರದ ಪೈಪು ಕಳಚಿತ್ತು. ಕಣ್ಣೆದುರಿಗಿದ್ದ ಈ ಸಂಗತಿಗಳಿಗೆ ಕಂಪನಿಯ ಕತೆ ಉತ್ತರ ಕೊಡಲಿಲ್ಲ. ಆದ್ದರಿಂದ ಅಧಿಕಾರದಲ್ಲಿರುವವರು ಹೇಳಿದರು ಅಂದಮಾತ್ರಕ್ಕೆ ಒಪ್ಪಬೇಕಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕು.

ಹಾಗಾದರೆ ಗೆರೆ ಎಲ್ಲಿದೆ?

ಯಾರ ಮೇಲೆ ಅನುಮಾನ ಪಡುತ್ತೀರಿ ಎನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ. ಉತ್ತರ ಸಿಕ್ಕಾಗ ಏನು ಮಾಡುತ್ತೀರಿ ಎನ್ನುವುದರಿಂದ ತೀರ್ಮಾನವಾಗುತ್ತದೆ. ಪ್ರಶ್ನೆ ಕೇಳುವವನಿಗೆ ಉತ್ತರ ಬೇಕಾಗಿರುತ್ತದೆ. ಪಿತೂರಿ ಕತೆಗೆ ಉತ್ತರ ಬೇಕಾಗಿಲ್ಲ, ಬಂದ ಉತ್ತರವನ್ನೂ ಅದು ಪಿತೂರಿಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ.

ಲಸಿಕೆಯ ಉದಾಹರಣೆ ನೋಡಿ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರು ಬರಿಯ 12 ಮಕ್ಕಳನ್ನು ನೋಡಿ, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎನ್ನುವಂಥ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ತಂದೆತಾಯಿಗಳಿಗೆ ಹೆದರಿಕೆಯಾಯಿತು. ‘ಲಸಿಕೆಯಿಂದ ನನ್ನ ಮಗುವಿಗೆ ತೊಂದರೆಯಾಗುತ್ತದೆಯೇ?’ ಎಂದು ಅವರು ಕೇಳಿದ್ದು ನೂರಕ್ಕೆ ನೂರು ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕಿದರು. ಡೆನ್ಮಾರ್ಕ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2002ರಲ್ಲಿ ವರದಿ ಬಂತು, ನಂಟಿಲ್ಲ. ಅದೇ ದೇಶದಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2019ರಲ್ಲಿ ಮತ್ತೆ ವರದಿ ಬಂತು, ನಂಟಿಲ್ಲ. ಇತ್ತ ಬ್ರಯನ್ ಡೀರ್ ಎಂಬ ಪತ್ರಕರ್ತ ಮೂಲ ಲೇಖನವನ್ನೇ ಕೆದಕಿದರು. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ತಯಾರಿ ನಡೆಸಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದು ಹೊರಬಂತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರು ತೆಗೆಯಲಾಯಿತು.

ಇಷ್ಟಾದ ಮೇಲೂ ‘ಡೆನ್ಮಾರ್ಕಿನವರನ್ನೂ ಕೊಂಡುಕೊಂಡಿದ್ದಾರೆ, ಪತ್ರಿಕೆಯವರನ್ನೂ ಕೊಂಡುಕೊಂಡಿದ್ದಾರೆ’ ಅನ್ನುವವರಿದ್ದಾರೆ. ಗೆರೆ ದಾಟಿದ್ದು ಇಲ್ಲಿ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ನಮ್ಮ ಗ್ರೂಪುಗಳಲ್ಲೂ ಲಸಿಕೆ ಹಾಕಿಸಬೇಡಿ ಎಂಬ ಮೆಸೇಜುಗಳು ಓಡಾಡಿದವು. ದಡಾರ ಮಕ್ಕಳ ಜೀವ ತೆಗೆಯಬಲ್ಲ ಕಾಯಿಲೆ. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿಗೆ ಕಣ್ಣು, ಕಿವಿ, ಹೃದಯದ ತೊಂದರೆ ಆಗಬಹುದು. ಒಂದು ಫಾರ್ವರ್ಡಿನ ಬೆಲೆ ಇಷ್ಟಿರುತ್ತದೆ.

ಮೆಸೇಜ್ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

1. ಏನು ಸಿಕ್ಕರೆ ಈ ಮಾತು ಸುಳ್ಳು ಎಂದು ಒಪ್ಪುತ್ತೇನೆ?

ಇದನ್ನು ಮೊದಲು ನಿಮಗೆ ನೀವೇ ಕೇಳಿಕೊಳ್ಳಿ. ಚಾಮರಾಜನಗರದ ವಿಷಯದಲ್ಲಿ ಉತ್ತರ ಸುಲಭ: ಆ ರಾತ್ರಿ ಆಕ್ಸಿಜನ್ ಇತ್ತು ಎಂದು ದಾಖಲೆ ತೋರಿಸಿದರೆ ಒಪ್ಪುತ್ತೇವೆ. ‘ಏನು ತೋರಿಸಿದರೂ ಒಪ್ಪುವುದಿಲ್ಲ’ ಎನ್ನುವುದು ನಿಮ್ಮ ಉತ್ತರವಾದರೆ, ನೀವು ಪ್ರಶ್ನೆ ಕೇಳುವುದನ್ನು ಆಗಲೇ ಬಿಟ್ಟಿದ್ದೀರಿ.

2. ಎಷ್ಟು ಜನ ಬಾಯಿ ಮುಚ್ಚಿಕೊಂಡಿರಬೇಕು?

ಒಂದು ಆಸ್ಪತ್ರೆಯ ಲೆಕ್ಕ ತಿದ್ದಲು ಕೆಲವೇ ಜನ ಸಾಕು. 5ಜಿ ಕತೆ ನಿಜವಾಗಬೇಕಾದರೆ ಪ್ರತಿ ದೇಶದ ವೈದ್ಯರು, ನರ್ಸುಗಳು, ಲ್ಯಾಬಿನವರು, ಟವರ್ ರಿಪೇರಿ ಮಾಡುವವರು ಎಲ್ಲರೂ ಸುಮ್ಮನಿರಬೇಕು. ಇದಕ್ಕೊಂದು ಅಂದಾಜು ಲೆಕ್ಕವನ್ನು ಡೇವಿಡ್ ರಾಬರ್ಟ್ ಗ್ರೈಮ್ಸ್ ಎಂಬ ಭೌತವಿಜ್ಞಾನಿ 2016ರಲ್ಲಿ ಮಾಡಿದ್ದರು. ಟಸ್ಕೀಗಿಯಂಥ ಬಯಲಾದ ಪ್ರಕರಣಗಳನ್ನೇ ಆಧಾರವಾಗಿಟ್ಟುಕೊಂಡು ನೋಡಿದರೆ, ನಾಸಾದ 4,11,000 ಮಂದಿ ಸೇರಿ ಚಂದ್ರನ ಮೇಲೆ ಇಳಿದಂತೆ ನಾಟಕ ಮಾಡಿದ್ದರೆ ಅದು ನಾಲ್ಕು ವರ್ಷದೊಳಗೆ ಬಯಲಾಗುತ್ತಿತ್ತು ಎನ್ನುವುದು ಅವರ ಅಂದಾಜು. ಸಂಖ್ಯೆ ಹೆಚ್ಚು ಕಡಿಮೆ ಇರಬಹುದು. ಆದರೆ ತತ್ವ ನಮ್ಮ ಅಜ್ಜಿಯರಿಗೂ ಗೊತ್ತಿದ್ದದ್ದೇ: ನಾಲ್ಕು ಜನಕ್ಕೆ ಗೊತ್ತಾದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ.

3. ಎದುರು ಸಾಕ್ಷಿ ಬಂದಾಗ ಕತೆ ಕಿರಿದಾಗುತ್ತದೋ, ಹಿಗ್ಗುತ್ತದೋ?

ಚಂದ್ರನ ಕತೆಯನ್ನೇ ತೆಗೆದುಕೊಳ್ಳಿ. ಅಪೊಲೊ 11 ಇಳಿದ ಜಾಗದ ಚಿತ್ರವನ್ನು ನಮ್ಮ ಚಂದ್ರಯಾನ-2ರ ಕ್ಯಾಮೆರಾವೇ ತೆಗೆದಿದೆ. ನಂಬದವರ ಉತ್ತರ: ‘ಹಾಗಾದರೆ ಇಸ್ರೋ ಕೂಡ ಅದರಲ್ಲಿ ಶಾಮೀಲು.’ ನಾಸಾ ಒಂದರಿಂದ ಶುರುವಾದ ಕತೆಗೆ ಈಗ ಇನ್ನೊಂದು ದೇಶ ಸೇರಿತು. ಸಾಕ್ಷಿ ಬಂದಷ್ಟೂ ಶಾಮೀಲಾದವರ ಪಟ್ಟಿ ಉದ್ದವಾಗುತ್ತಾ ಹೋದರೆ ಎಚ್ಚರಾಗಿ. ನಿಜವಾದ ತನಿಖೆಯಲ್ಲಿ ದಿನ ಕಳೆದಂತೆ ಯಾರು, ಯಾವಾಗ, ಎಲ್ಲಿ ಎನ್ನುವುದು ಸ್ಪಷ್ಟವಾಗುತ್ತದೆ.

4. ಈ ಪ್ರಶ್ನೆಯನ್ನು ಯಾರಿಗೆ ಕೇಳಬಹುದು?

ನಿಜವಾದ ಪ್ರಶ್ನೆಗೆ ಒಂದು ವಿಳಾಸ ಇರುತ್ತದೆ. ‘ನಮ್ಮ ತಾಲೂಕು ಆಸ್ಪತ್ರೆಗೆ ಕಳೆದ ವರ್ಷ ಎಷ್ಟು ಆಕ್ಸಿಜನ್ ಬಂತು?’ ಎಂದು ಆರ್‌ಟಿಐ ಅರ್ಜಿ ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಇದೆ. ‘ಅವರು ನಮ್ಮನ್ನೆಲ್ಲ ಮುಗಿಸಲು ಹೊರಟಿದ್ದಾರೆ’ ಎನ್ನುವುದಕ್ಕೆ ಎಲ್ಲಿ ಅರ್ಜಿ ಹಾಕುತ್ತೀರಿ? ‘ಅವರು’ ಯಾರು ಎಂದೇ ಆ ಮೆಸೇಜಿನಲ್ಲಿ ಇರುವುದಿಲ್ಲ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು

ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕೇಬಿಡುತ್ತದೆ ಎಂದಲ್ಲ. ಕೊರೊನಾದಲ್ಲಿ ದೇಶದಲ್ಲಿ ಒಟ್ಟು ಎಷ್ಟು ಜನ ಸತ್ತರು? 2020 ಮತ್ತು 2021ಕ್ಕೆ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜು, ಮಾಮೂಲಿಗಿಂತ ಹೆಚ್ಚಾದ ಸಾವು ಸುಮಾರು 47 ಲಕ್ಷ. ಈ ಲೆಕ್ಕದ ವಿಧಾನವೇ ಸರಿಯಿಲ್ಲ ಎಂದು ಸರ್ಕಾರ ಆಕ್ಷೇಪಿಸಿತು. ಮುಂದೆ 2025ರಲ್ಲಿ ಸರ್ಕಾರವೇ ಹೊರತಂದ ಜನನ-ಮರಣ ನೋಂದಣಿ ಅಂಕಿಅಂಶದ ಪ್ರಕಾರ, 2020ರಲ್ಲಿ ಸುಮಾರು 81 ಲಕ್ಷ ಸಾವು ನೋಂದಣಿಯಾಗಿದ್ದರೆ 2021ರಲ್ಲಿ ಅದು ಸುಮಾರು 1.02 ಕೋಟಿಗೆ ಏರಿತ್ತು. ಇವೆಲ್ಲ ಕೊರೊನಾ ಸಾವುಗಳೇ ಎನ್ನಲಾಗದು, ನೋಂದಣಿ ಮಾಡಿಸುವವರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಆದರೂ ಒಂದೇ ವರ್ಷದಲ್ಲಿ 20 ಲಕ್ಷದಷ್ಟು ಏರಿಕೆ ಸಣ್ಣದಲ್ಲ.

‘ಸರ್ಕಾರದ ಲೆಕ್ಕ ಕಡಿಮೆಯಿದೆ’ ಎನ್ನುವವರನ್ನು ಪಿತೂರಿಕೋರರು ಎಂದು ಕರೆದರೆ ತಪ್ಪಾಗುತ್ತದೆ. ಅವರ ಕೈಯಲ್ಲಿ ಅಂಕಿಯಿದೆ, ವಿಧಾನವಿದೆ, ಅದನ್ನು ಬೇರೆಯವರು ಪರೀಕ್ಷಿಸಬಹುದು. ತೊಂದರೆ ಕೊಡುವ ಪ್ರಶ್ನೆ ಬಂದಾಗಲೆಲ್ಲ ‘ಇದು ಪಿತೂರಿ’ ಎಂದು ತಳ್ಳಿಹಾಕುವುದು ಅಧಿಕಾರದಲ್ಲಿರುವವರಿಗೆ ಸುಲಭದ ದಾರಿ. ಹಾಗೆ ಮಾಡಿದಷ್ಟೂ ಜನರಿಗೆ ನಂಬಿಕೆ ಹೋಗುತ್ತದೆ, ಆಗ ಸುಳ್ಳು ಕತೆಗಳಿಗೂ ಜಾಗ ಸಿಗುತ್ತದೆ. ಲೆಕ್ಕವನ್ನು ಬೇಗ, ಪೂರ್ತಿಯಾಗಿ ಜನರ ಮುಂದಿಡುವುದೇ ಇದಕ್ಕೆ ಮದ್ದು.

ಒಂದು ಫಾರ್ವರ್ಡ್, ಒಂದು ಜೀವ

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ನಮ್ಮೂರುಗಳಲ್ಲೆಲ್ಲ ಹರಿದಾಡಿತು. ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ಜಾಹೀರಾತು. ಕೊನೆಯಲ್ಲಿ ಆ ಬೈಕಿನವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿದ್ದರು. ಅಂಥ ಗ್ಯಾಂಗ್ ಇಲ್ಲ ಎಂದು ಪೊಲೀಸರು ಹೇಳುತ್ತಲೇ ಇದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಹಾಗೇ ಸತ್ತರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವಂತೆ ವಾಟ್ಸಾಪ್ ಮಿತಿ ಹಾಕಿತು.

ಆ ವಿಡಿಯೋ ಕಳಿಸಿದ ಹೆಚ್ಚಿನವರು ಕೆಟ್ಟವರಲ್ಲ. ತಮ್ಮ ಮಕ್ಕಳಿಗೆ, ನೆಂಟರಿಗೆ ಒಳ್ಳೆಯದಾಗಲಿ ಎಂದೇ ಕಳಿಸಿದ್ದರು. ‘ಎಲ್ಲಿ? ಯಾವಾಗ? ಯಾವ ಠಾಣೆಯಲ್ಲಿ ಕೇಸಾಗಿದೆ?’ ಎಂದು ಒಬ್ಬರು ಕೇಳಿದ್ದರೂ ಅದು ಅವರ ಗ್ರೂಪಿನಲ್ಲಿ ಅಲ್ಲೇ ನಿಲ್ಲುತ್ತಿತ್ತು.

ಹಾಗಾಗಿ ಮುಂದಿನ ಸಲ ಫ್ಯಾಮಿಲಿ ಗ್ರೂಪಿನಲ್ಲಿ ಇಂಥದ್ದು ಬಂದರೆ ‘ಇದೆಲ್ಲ ಸುಳ್ಳು’ ಎಂದು ಹಿರಿಯರ ಮೇಲೆ ಹರಿಹಾಯಬೇಡಿ. ಅವರಿಗೆ ಅವಮಾನವಾಗುತ್ತದೆ, ಮೆಸೇಜ್ ಇನ್ನೊಂದು ಗ್ರೂಪಿಗೆ ಹೋಗುತ್ತದೆ. ‘ಚಿಕ್ಕಪ್ಪ, ಇದು ಯಾವ ಊರಲ್ಲಿ ಆಗಿದ್ದು ಅಂತ ಗೊತ್ತಾ? ಗೊತ್ತಾದರೆ ನಾನೇ ವಿಚಾರಿಸಿ ಹೇಳ್ತೀನಿ’ ಎಂದು ಕೇಳಿ. ಅನುಮಾನದಲ್ಲಿ ಹುರುಳಿದ್ದರೆ ಮುಂದೆ ಹೋಗಲು ದಾರಿ ಸಿಗುತ್ತದೆ: ಪತ್ರಕರ್ತರಿದ್ದಾರೆ, ಆರ್‌ಟಿಐ ಇದೆ, ಕೋರ್ಟ್ ಇದೆ. ಉತ್ತರ ಸಿಗುವವರೆಗೆ ಆ ಮೆಸೇಜ್ ನಿಮ್ಮ ಫೋನಿನಲ್ಲೇ ಇರಲಿ.